ಫುಲ್ ಫಿಟ್ಟಿಂಗ್

ಶಿಗ್ಗಾವಿ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಅಣ್ಣನ ಸೈಕಲ್ ಅಂಗಡಿಯ ಮುಂದೆ ಅವ್ವನ ಜೊತೆ ಬಂದು ನಿಂತ ಗುತ್ತೆವ್ವನಿಗೆ ತನ್ನ ಸೈಕಲ್ಲು ಕಾಣಿಸಲಿಲ್ಲ. ಬಾಡಿಗೆಗೆ ಕೊಡುವ ಕರಿ ಸೈಕಲ್ಲುಗಳು ಸಾಲಾಗಿ ಒರಗಿದ್ದವು. ಅವುಗಳ ಪಕ್ಕದಲ್ಲಿ, ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಒಂದು ನೀಲಿ ಸೈಕಲ್ಲು ಮದುವಣಗಿತ್ತಿಯಂತೆ ಸಿಂಗಾರಗೊಂಡಿತ್ತು. ಯಾರೋ ಹೊಸದಾಗಿ ಕೊಂಡದ್ದಿರಬೇಕು ಎಂದುಕೊಂಡು ಅದನ್ನು ದಾಟಿ ಒಳಗೆ ಹೋದಳು. ಒಳಗೂ ಇರಲಿಲ್ಲ. ಮತ್ತೆ ಹೊರಗೆ ಬಂದು ಆ ನೀಲಿ ಬಣ್ಣವನ್ನೇ ದಿಟ್ಟಿಸಿದಳು.

ಅವಳದೇ ಸೈಕಲ್ಲು. ಮಾರನೆಯ ದಿನ ಬೆಳಗಾದರೆ ಅದನ್ನು ಹತ್ತಿ ಅವಳು ಸೈಕಲ್ ಓಟಕ್ಕೆ ಇಳಿಯಬೇಕಿತ್ತು.

ಎಂಬತ್ತಾರನೆಯ ಇಸವಿ ಅದು. ಹಿರೇಬೆಂಡಿಗೇರಿಯ ಗುತ್ತೆವ್ವ ಬಿಜಾಪುರದ ಕಡೆ ಕ್ರೀಡಾ ಹಾಸ್ಟೆಲ್ಲು ಸೇರಿ ಸೈಕಲ್ ಕಲಿತು, ಆಗಲೇ ಊರ ಬಾಯಿಗೆ ಬಿದ್ದಿದ್ದಳು. ಈ ಸಲ ಆಯ್ಕೆಯ ಓಟ ಶಿಗ್ಗಾವಿಯಿಂದ ಸವಣೂರಿಗೆ ಹೋಗಿ ತಿರುಗಿ ಬರುವುದೆಂದು ಗೊತ್ತಾಗಿತ್ತು. ಮೊದಲು ಬಂದ ನಾಲ್ವರು ಹುಡುಗಿಯರಿಗೆ ರೈಲ್ವೆ ತಂಡದಲ್ಲಿ ಜಾಗ. ಜಾಗವೆಂದರೆ ನೌಕರಿ. ನೌಕರಿಯೆಂದರೆ ಸೈಕಲ್ ಹೊಡೆಯುವುದೇ ಕೆಲಸ, ತಿಂಗಳಾದರೆ ಪಗಾರ. ಬಸ್ಸಿನ ಟಾಪಿನ ಮೇಲೆ ಸೈಕಲ್ಲು ಕಟ್ಟಿಕೊಂಡು ಊರಿಗೆ ಬಂದವಳು, ತಿಳವಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ನೋಡಲು ಅವ್ವ ಶಾರವ್ವನ ಜೊತೆ ಹೋಗುವ ಮುಂಚೆ ಅದನ್ನು ಅಣ್ಣ ಮಾಳಪ್ಪನ ಅಂಗಡಿಯಲ್ಲಿ ಬಿಟ್ಟಿದ್ದಳು. ಸೈಕಲ್ಲಿನ ಮಟ್ಟಿಗೆ ಅದಕ್ಕಿಂತ ಭದ್ರವಾದ ಜಾಗ ಯಾವುದಿದ್ದೀತು ಎಂದು ನಂಬಿದ್ದಳು.

"ಹೆಂಗೈತಿ?" ಎಂದು ಮಾಳಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಮುಖದ ತುಂಬ ನಗು. "ಅರ್ಧಾ ಸೈಕಲ್ ಕೊಟ್ಟ ಕಳಿಸ್ಯಾರ ಹಾಸ್ಟೆಲ್‌ನವರು. ಫುಲ್ ಫಿಟ್ಟಿಂಗ್ ಮಾಡೇನಿ ನೋಡ."

ಅವನು ಹೇಳಿದ್ದು ಸುಳ್ಳಲ್ಲ. ಆ ಕಾಲಕ್ಕೆ ಅಂಗಡಿಯಲ್ಲಿ ಹೊಸ ಸೈಕಲ್ಲು ಕೊಂಡರೆ ಬರೀ ಗಾಲಿ, ಚೌಕಟ್ಟು ಬರುತ್ತಿತ್ತು. ಮಿಕ್ಕಿದ್ದನ್ನೆಲ್ಲ ಹಾಕಿಸಿಕೊಂಡ ಮೇಲೆಯೇ ಅದು ಮರ್ಯಾದಸ್ತರ ಸೈಕಲ್ಲು ಎನಿಸಿಕೊಳ್ಳುತ್ತಿತ್ತು. ಮಾಳಪ್ಪ ಒಂದನ್ನೂ ಬಿಟ್ಟಿರಲಿಲ್ಲ. ಹಿಂದೆ ಕ್ಯಾರಿಯರ್. ಎರಡು ಗಾಲಿಗೂ ಮಡ್ಗಾರ್ಡ್, ಹಿಂದಿನದರ ತುದಿಗೆ ಕೆಂಪು ರಬ್ಬರಿನ ಜೂಲು. ಚೈನಿಗೆ ತಗಡಿನ ಕವರ್. ಬೆಲ್ಲು. ಡೈನಮೋ, ದೀಪ. ಕೆಳಕ್ಕೆ ಬಾಗಿ ಟಗರಿನ ಕೋಡಿನಂತೆ ಸುತ್ತಿಕೊಂಡಿದ್ದ ಹ್ಯಾಂಡಲ್ ಹೋಗಿ, ಬ್ಯಾಂಕಿಗೆ ಹೋಗುವ ಯಜಮಾನರ ಸೈಕಲ್ಲಿನಂತಹ ನೆಟ್ಟನೆಯ ಹ್ಯಾಂಡಲ್ ಬಂದಿತ್ತು. ಪೆಡಲಿಗೆ ಕಾಲು ಬಿಗಿಯುವ ಕ್ಲಿಪ್ಪು, ಬೆಲ್ಟು ಮಾಯವಾಗಿದ್ದವು. ಒಂದು ವರ್ಷ ಕೂತು, ಎಣ್ಣೆ ತಿಕ್ಕಿ, ತನ್ನ ಮೈಗೆ ತಕ್ಕಂತೆ ತಗ್ಗು ಬೀಳಿಸಿಕೊಂಡಿದ್ದ ಚರ್ಮದ ಸಣ್ಣ ಸೀಟು ಮೂಲೆಯಲ್ಲಿ ಬಿದ್ದಿತ್ತು. ಅದರ ಮೇಲೆ ಎಣ್ಣೆಯ ಡಬ್ಬಿ ಇಟ್ಟಿದ್ದರು. ಸೈಕಲ್ಲಿನ ಮೇಲೆ ಈಗ ಸ್ಪ್ರಿಂಗಿನ ಅಗಲ ಸೀಟು, ಅದಕ್ಕೆ ಕೆಂಪು ಮಕಮಲ್ಲಿನ ಹೊದಿಕೆ, ಹೊದಿಕೆಗೆ ಗೊಂಡೆ.

ಗುತ್ತೆವ್ವ ಹಿಂದಿನ ಗಾಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತಳು. ಓಟದ ಸೈಕಲ್ಲಿನ ಟೈರು ಬೇರೆ ನಮೂನೆಯದು. ಟ್ಯೂಬನ್ನು ಒಳಗಿಟ್ಟು ಹೊಲಿದು, ಇಡಿಯಾಗಿ ರಿಮ್ಮಿಗೆ ಅಂಟಿಸುತ್ತಾರೆ. ಮೈ ತೆಳ್ಳಗೆ, ರೇಷ್ಮೆಯಂತೆ. ಡೈನಮೋದ ಹಲ್ಲು ಆ ಮೈಯನ್ನು ಸುತ್ತಲೂ ತಿಂದು ನೂಲು ಹೊರಗೆ ಹಾಕಿತ್ತು. ಹಚ್ಚಿ ನೋಡಿದ್ದಾನೆ ಎಂದಾಯಿತು. ದೀಪ ಹತ್ತುತ್ತದೋ ಇಲ್ಲವೋ ಎಂದು ಗಾಲಿ ತಿರುಗಿಸಿ ತಿರುಗಿಸಿ ನೋಡಿದ್ದಾನೆ.

ಚೀಲದಲ್ಲಿ ಇನ್ನೊಂದು ಟೈರು ಇತ್ತು. ಹ್ಯಾಂಡಲ್ಲು ಮೊಳೆಗೆ ನೇತಾಡುತ್ತಿತ್ತು. ಹೋಗಲಿ, ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಿದರಾಯಿತು, ಹಗಲು ಇನ್ನೂ ಬೇಕಾದಷ್ಟಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅವಳು ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡಳು. ಗೊಂಡೆಯ ಸೀಟನ್ನು ಬಿಚ್ಚಿ ಅದರ ಕೆಳಗಿನ ಪೈಪನ್ನು ಮೇಲಕ್ಕೆ ಎಳೆದಳು. ಪೈಪು ಸರ್ರನೆ ಪೂರ್ತಿ ಕೈಗೆ ಬಂತು.

ಗೇಣುದ್ದ ಇರಬೇಕಾದದ್ದು ಮುಷ್ಟಿಯಷ್ಟಾಗಿತ್ತು. ತುದಿಯಲ್ಲಿ ಗರಗಸದ ಗೆರೆ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು.

ಚಂದ್ರಪ್ಪ ಸರ್ ಹಾಸ್ಟೆಲ್ಲಿನ ತರಬೇತುದಾರರು. ಅವರು ಮೊದಲ ದಿನ ಸೈಕಲ್ ಹೊಡೆಯಲು ಬಿಟ್ಟಿರಲಿಲ್ಲ. ಗೋಡೆಗೆ ಒರಗಿಸಿ ಕೂಡಿಸಿ, ಹಿಮ್ಮಡಿಯನ್ನು ಪೆಡಲಿನ ಮೇಲೆ ಇಡಿಸಿ, ಮೊಳಕಾಲು ನೆಟ್ಟಗಾಗುವವರೆಗೆ ಸೀಟು ಏರಿಸಿದ್ದರು. ಮೊಳಕೈಯನ್ನು ಸೀಟಿನ ಮೂಗಿಗೆ ಹಚ್ಚಿಸಿ, ಬೆರಳ ತುದಿ ಎಲ್ಲಿಗೆ ಮುಟ್ಟುತ್ತದೆಂದು ನೋಡಿ ಹ್ಯಾಂಡಲ್ ಕೂಡಿಸಿದ್ದರು. ನೀನು ಸೈಕಲ್ಲಿಗೆ ಹೊಂದಿಕೊಳ್ಳಬೇಡ, ಸೈಕಲ್ಲು ನಿನಗೆ ಹೊಂದಬೇಕು ಎಂದಿದ್ದರು. ಗುತ್ತೆವ್ವನಿಗೆ ಅಂಥ ಮಾತನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅಕ್ಕ ಉಟ್ಟು ಬಿಟ್ಟ ಲಂಗ, ಅಣ್ಣ ಮೆಟ್ಟಿ ಬಿಟ್ಟ ಚಪ್ಪಲಿ, ಎಲ್ಲಕ್ಕೂ ಅವಳೇ ಹೊಂದಿಕೊಂಡು ಬೆಳೆದವಳು. ಅವಳ ಅಳತೆ ತೆಗೆದು ಮಾಡಿದ್ದೆಂದರೆ ಲೋಕದಲ್ಲಿ ಈ ಸೈಕಲ್ಲೊಂದೇ.

"ಇದನ್ಯಾಕ ಕೊಯ್ದಿ?" ಎಂದಳು.

ಮಾಳಪ್ಪ ಸಲೀಸಾಗಿ ವಿವರಿಸಿದ. ಸೀಟು ಬಹಳ ಎತ್ತರ ಇತ್ತಂತೆ, ಕೂತರೆ ಅವಳ ಕಾಲು ನೆಲಕ್ಕೆ ತಾಗುವಂತಿರಲಿಲ್ಲವಂತೆ. ಇಳಿಸಹೋದರೆ ಪೈಪು ಚೌಕಟ್ಟಿನೊಳಗೆ, ನೀರಿನ ಬಾಟಲಿಯ ಹಿಡಿಕೆ ಕೂಡಿಸಿದ ತಿರುಪಿಗೆ ತಡೆಯುತ್ತಿತ್ತಂತೆ. ಅದಕ್ಕೇ ಒಂದಿಷ್ಟು ಕೊಯ್ದು ಹಾಕಿದ್ದು. ಹ್ಯಾಂಡಲ್ ಎತ್ತರಿಸಿದ್ದು ಬೆನ್ನು ನೋಯಬಾರದೆಂದು. ಕವರ್ ಹಾಕಿದ್ದು ಬಟ್ಟೆಗೆ ಎಣ್ಣೆ ಹತ್ತಬಾರದೆಂದು. ಒಂದೊಂದಕ್ಕೂ ಅವನ ಹತ್ತಿರ ಕಾರಣವಿತ್ತು, ಎಲ್ಲವೂ ಅವಳ ಒಳ್ಳೆಯದಕ್ಕೇ.

ಗುತ್ತೆವ್ವ ಕೇಳುತ್ತ ಹೋದಂತೆ ಸಿಟ್ಟು ಏರುತ್ತ ಬಂತು. ತಿಳಿಯದೆ ಮಾಡಿದ್ದರೆ ಅದು ಬೇರೆ ಮಾತು. ಹೋದ ವರ್ಷ ಹುಬ್ಬಳ್ಳಿಯ ಓಟಕ್ಕೆ ಇವನೇ ಬಂದಿದ್ದ. ಜನರನ್ನು ತಳ್ಳಿಕೊಂಡು ಮುಂದೆ ನಿಂತು ಸೀಟಿ ಹೊಡೆದಿದ್ದ. ಅವಳು ಹೇಗೆ ಕೂತಿದ್ದಳು, ಸೀಟು ಎಷ್ಟು ಎತ್ತರವಿತ್ತು, ಎಲ್ಲ ಕಣ್ಣಾರೆ ಕಂಡವನು.

"ಹುಬ್ಬಳ್ಳ್ಯಾಗ ನೋಡಿದ್ದಿಲ್ಲೇನು ನೀ? ಅವಾಗ ಸೀಟಿ ಹೊಡೀತಿದ್ದಿ."

"ಹುಬ್ಬಳ್ಳಿ ಬ್ಯಾರೆ, ತಂಗಿ. ಅಲ್ಲಿ ನಮ್ಮನ್ನ ಯಾರು ಗುರ್ತ ಹಿಡೀತಾರ?"

ಮಾತು ಬಾಯಿಂದ ಜಾರಿದ ಮೇಲೆ ಮಾಳಪ್ಪನಿಗೇ ಅದು ಕೇಳಿಸಿತು. ಅವನು ಪಕ್ಕದ ಕಿರಾಣಿ ಅಂಗಡಿಯ ಕಡೆ ಒಮ್ಮೆ ನೋಡಿ ಕಣ್ಣು ತಿರುಗಿಸಿದ. ಅಲ್ಲಿ ಕಟ್ಟೆಯ ಮೇಲೆ ಅಂಗಡಿಯ ಧಣಿ ಚನ್ನವೀರಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ. ಸಂಗತಿ ಆಗ ಬಯಲಾಯಿತು. ಗುತ್ತೆವ್ವ ಬಂದ ದಿನ ಬಸ್ ಸ್ಟ್ಯಾಂಡಿನಿಂದ ಒಂದು ಸುತ್ತು ಹೊಡೆದಿದ್ದಳು. ಅದನ್ನು ಕಂಡ ಚನ್ನವೀರಪ್ಪ, ಮಾಳಪ್ಪಾ, ನಿನ್ನ ತಂಗಿ ತಲಿ ಕೆಳಗ, ಕುಂಡಿ ಮ್ಯಾಲ ಮಾಡ್ಕೊಂಡು ರಸ್ತಾದಾಗ ಏನ ಹುಡುಕ್ಯಾಡಾಕತ್ಯಾಳೋ ಎಂದು ಕೇಳಿದ್ದನಂತೆ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕಿದ್ದರಂತೆ. ಅವತ್ತೇ ಸಂಜೆ ಮಾಳಪ್ಪ ಗರಗಸ ಹಿಡಿದಿದ್ದ.

"ನಾಳೆ ಇಡೀ ಶಿಗ್ಗಾವಿ ನೋಡಾಕ ಬರ್ತೈತಿ," ಎಂದ ಅವನು, ಈಗ ಅವನ ದನಿಯೂ ಏರಿತ್ತು. "ನೆಟ್ಟಗ ಕುಂತ ಹೊಡದ್ರ ಸೈಕಲ್ ಓಡೂದಿಲ್ಲೇನು? ಮುಂದ ನಿನ್ನ ಲಗ್ನ ಆಗಬೇಕಲ್ಲ?"

ಗುತ್ತೆವ್ವ ಕೊಯ್ದ ಪೈಪು ಹಿಡಿದುಕೊಂಡೇ ಕಿರಾಣಿ ಅಂಗಡಿಯ ಮುಂದೆ ಹೋಗಿ ನಿಂತಳು. ಅವಳ ಮನೆತನದವರು ಆ ಕಟ್ಟೆಯ ಮುಂದೆ ದನಿ ಏರಿಸಿ ಮಾತಾಡಿದ್ದು ಅದೇ ಮೊದಲಿರಬೇಕು.

"ಕಾಕಾ, ನೀವು ಮೂಟಿ ಎತ್ತೂಮುಂದ ಬಗ್ಗೂದಿಲ್ಲೇನ್ರಿ?"

ಚನ್ನವೀರಪ್ಪ ಎಲೆಯನ್ನು ಬಾಯಿಗಿಡುವುದು ಮರೆತ. "ಬಗ್ಗತೇವಿ ಬಿಡ. ಅದು ಕೆಲಸ."

"ಇದೂ ಕೆಲಸಾನ. ನೀವು ಬಗ್ಗಿದಾಗ ನಾವ್ಯಾರೂ ಹಿಂದ ನಿಂತ ನಗೂದಿಲ್ರಿ."

ಅವನು ಏನೋ ಗೊಣಗಿದ. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಅವನ ಮೇಲಿನ ಸಿಟ್ಟು ಅವಳಿಗೆ ಅಷ್ಟೇನೂ ದೊಡ್ಡದಲ್ಲ. ನಗುವವರು ನಗುತ್ತಾರೆ, ಅವರ ಬಾಯಿಗೆ ಮಾಡಲು ಬೇರೆ ಉದ್ಯೋಗವಿಲ್ಲ. ಆದರೆ ಅವರ ನಗೆಯನ್ನು ಅಂಗಡಿಯೊಳಗೆ ಕರೆದುಕೊಂಡು ಬಂದು, ಅದಕ್ಕೆ ಪಾನಾ, ಗರಗಸ ಕೊಟ್ಟು ಕೂಡಿಸಿದವನು ಒಡಹುಟ್ಟಿದವನು.

ಇಷ್ಟು ಹೊತ್ತು ಬಾಗಿಲ ಬಳಿ ಬಟ್ಟೆಯ ಗಂಟು ಹಿಡಿದು ನಿಂತಿದ್ದ ಶಾರವ್ವ ಮೊದಲಿಗೆ ಆ ಗೊಂಡೆಯ ಸೀಟು ಮುಟ್ಟಿ ನೋಡಿ, ಚಂದ ಐತಲ್ಲ ಎಂದವಳೇ. ಈಗ ಮಗಳ ಕೈಯಲ್ಲಿದ್ದ ಪೈಪಿನ ತುಂಡನ್ನು ಈಸಿಕೊಂಡು, ಕೊಯ್ದ ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು. ಮಗನ ಕಡೆ ತಿರುಗಿದಳು.

"ನಿನ್ನ ಅಂಗಿ ತೋಳ ಕೊಯ್ದು, ಗೊಂಡೆ ಹಚ್ಚಿ ಕೊಡ್ಲೇನು? ಹಾಕ್ಕೊಂಡ ತಿರಗತೀಯೇನು?"

ಮಾಳಪ್ಪ ತಲೆ ತಗ್ಗಿಸಿ, ಈಗೇನು, ಬೇರೆ ಪೈಪು ಹಾಕಿ ಕೊಡುತ್ತೇನೆ ಎಂದ. ಅಂಗಡಿಯಲ್ಲಿ ಹುಡುಕಿದರು. ಬಾಡಿಗೆ ಸೈಕಲ್ಲುಗಳ ಪೈಪುಗಳೆಲ್ಲ ಗಿಡ್ಡ. ಉದ್ದನೆಯದು ಇದ್ದದ್ದು ಒಂದೇ ಒಂದು, ಮಾಳಪ್ಪನ ಸ್ವಂತ ಸೈಕಲ್ಲಿನಲ್ಲಿ. ಅವನು ಎತ್ತರದ ಆಳು, ಮಾವನ ಮನೆಯವರು ಮದುವೆಯಲ್ಲಿ ಕೊಟ್ಟ ಆ ಕರಿ ಸೈಕಲ್ಲಿಗೆ ಬೇಕೆಂದೇ ಉದ್ದದ್ದು ಹಾಕಿಸಿಕೊಂಡಿದ್ದ. ದಿನಾ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಅದನ್ನು ಒರೆಸುತ್ತಿದ್ದ.

"ಅದನ್ನ ಬಿಚ್ಚು," ಎಂದಳು ಗುತ್ತೆವ್ವ.

"ನಾ ಊರಿಗೆ ಹೆಂಗ ಹೋಗ್ಲಿ?"

ಅವಳು ಪಾನಾ ಅವನ ಮುಂದೆ ಹಿಡಿದಳು. ಅವನೇ ಬಿಚ್ಚಿದ. ಅವಳ ಸೈಕಲ್ಲಿಗೆ ಹಾಕಲು ಬಂದಾಗ ಮಾತ್ರ ಅವಳು ಕೈ ಅಡ್ಡ ಹಿಡಿದು, ಇನ್ನು ಮೇಲೆ ಇದನ್ನು ಮುಟ್ಟಬೇಡ ಎಂದಳು. ಆ ಪೈಪು ಅವಳ ಚೌಕಟ್ಟಿಗೆ ಸಡಿಲಾಗುತ್ತಿತ್ತು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಪೈಪಿನ ಸುತ್ತ ಸುತ್ತಿ, ಬಡಿದು ಕೂಡಿಸಿದಳು. ತಗಡು ಅಂಗೈ ಸೀಳಿತು, ಒರೆಸಿಕೊಂಡಳು. ಅವ್ವ ಸೈಕಲ್ಲು ಹಿಡಿದು ನಿಂತಳು. ಹಿಮ್ಮಡಿ ಪೆಡಲಿನ ಮೇಲಿಟ್ಟು, ಮೊಳಕಾಲು ನೆಟ್ಟಗಾಗುವವರೆಗೆ ಗುತ್ತೆವ್ವ ಇಳಿದು ಹತ್ತಿ, ಇಳಿದು ಹತ್ತಿ ನೋಡಿದಳು. ಚರ್ಮದ ಸೀಟು ಮೇಲೇರಿತು, ಹಳೆಯ ಹ್ಯಾಂಡಲ್ಲು ತನ್ನ ಜಾಗಕ್ಕೆ ಬಂತು. ಹೊಸ ಟೈರು ಅಂಟಿಸಿ ಮುಗಿಸಿದಾಗ ಬಿಸಿಲು ಇಳಿಯುತ್ತಿತ್ತು. ಬಿಚ್ಚಿದ ಸಾಮಾನುಗಳನ್ನು ಅವಳು ಎತ್ತಿಡಲಿಲ್ಲ. ಗಿರಾಕಿಗಳು ದಾಟಿಕೊಂಡು ಓಡಾಡಲಿ ಎಂದು ಅಂಗಡಿಯ ನಡುವೆ ಹಾಗೇ ಬಿಟ್ಟು ಹೋದಳು.

ಬೆಳಗ್ಗೆ ಓಟಕ್ಕೆ ಹಾನಗಲ್ಲಿನ, ಹಿರೇಕೆರೂರಿನ ಹುಡುಗಿಯರೂ ಬಂದಿದ್ದರು. ಚಂದ್ರಪ್ಪ ಸರ್ ಅವಳ ಸೀಟಿನ ಕೆಳಗಿನ ತಗಡು ನೋಡಿ ಹುಬ್ಬೇರಿಸಿದರು. ಕೇಳಿದರೆ ಅವಳು ಅತ್ತುಬಿಟ್ಟಾಳು ಎನಿಸಿತೋ ಏನೋ, ಕೇಳಲಿಲ್ಲ. ದಾರಿಯಲ್ಲಿ ಏನಾದರೂ ಕೆಟ್ಟರೆ ಓಡುವವರೇ ರಿಪೇರಿ ಮಾಡಿಕೊಳ್ಳಬೇಕು, ಹೊರಗಿನವರ ಕೈ ಸೈಕಲ್ಲಿಗೆ ಸೋಕಿದರೆ ಅವಳು ಓಟದಿಂದ ಹೊರಗೆ ಎಂದು ಎಲ್ಲರಿಗೂ ಹೇಳಿದರು. ಗುತ್ತೆವ್ವ ಬೆನ್ನ ಜೇಬಿನಲ್ಲಿದ್ದ ಸಣ್ಣ ಪಾನಾ ಮುಟ್ಟಿ ನೋಡಿಕೊಂಡಳು.

ಸವಣೂರಿನವರೆಗೆ ಅವಳೇ ಮುಂದಿದ್ದಳು. ಸಿಟ್ಟು ಕಾಲಿಗೆ ಇಳಿದಿತ್ತು. ಆದರೆ ರಸ್ತೆಯ ಒಂದೊಂದು ತಗ್ಗಿಗೂ ಸೀಟು ಕೂದಲೆಳೆಯಷ್ಟು ಕುಸಿಯುತ್ತಿತ್ತು. ಸವಣೂರು ಸಮೀಪಿಸಿದಾಗ ಮೊಳಕಾಲು ಹೊಟ್ಟೆಗೆ ತಾಗುವಂತಾಗಿ, ತೊಡೆ ಉರಿಯತೊಡಗಿತ್ತು. ಹಿಂದಿನವರ ಚೈನಿನ ಸಪ್ಪಳ ಹತ್ತಿರ ಕೇಳಿಸುತ್ತಿತ್ತು.

ಸವಣೂರಿನಲ್ಲಿ ಸುತ್ತಿ ತಿರುಗಬೇಕಾದ ಜಾಗದ ಗುರುತಿಗೆಂದು ಇಟ್ಟಿದ್ದ ಡ್ರಮ್ಮಿನ ಪಕ್ಕದಲ್ಲಿ ಮಾಳಪ್ಪ ನಿಂತಿದ್ದ.

ಅವನ ಸೈಕಲ್ಲಿಗೆ ಸೀಟಿರಲಿಲ್ಲ. ಓಟ ಶುರುವಾಗುವ ಎಷ್ಟೋ ಮುಂಚೆಯೇ ಹೊರಟು, ಶಿಗ್ಗಾವಿಯಿಂದ ಅಲ್ಲಿಯವರೆಗೂ ಅವನು ಪೆಡಲಿನ ಮೇಲೆ ನಿಂತು, ಹ್ಯಾಂಡಲಿನ ಮೇಲೆ ಬಗ್ಗಿ ಹೊಡೆದುಕೊಂಡು ಬಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಚಹಾದಂಗಡಿಯ ಮುಂದಿದ್ದವರು ಅವನನ್ನು ಆಡಿಕೊಂಡು ನಗುತ್ತಿದ್ದರು, ಹಿಂಭಾಗ ಗಾಳಿಗೆ ಒಣಗಲು ಹಾಕಿದ್ದೀಯೇನೋ ಎಂದು ಒಬ್ಬ ಕೇಳುತ್ತಿದ್ದ. ಮಾಳಪ್ಪನ ಕೈಯಲ್ಲಿ ದೊಡ್ಡ ಪಾನಾ ಇತ್ತು. ಅವಳು ಜಿಗಿದು ಇಳಿದದ್ದೇ ತಡ, ಅವನು ಮುನ್ನುಗ್ಗಿ ಸೀಟಿಗೆ ಕೈ ಚಾಚಿದ.

"ಕೈ ಹಚ್ಚಬ್ಯಾಡ," ಎಂದು ಗುತ್ತೆವ್ವ ಚೀರಿದಳು.

ನಿಯಮ ಅವನಿಗೆ ಗೊತ್ತಿರಲಿಲ್ಲ. ಆದರೂ ಆ ಚೀರಿಗೆ ಅವನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಎರಡೂ ಕೈಗಳನ್ನು, ಪಾನಾ ಸಮೇತ, ಬೆನ್ನ ಹಿಂದೆ ಇಟ್ಟುಕೊಂಡ. ಅವಳು ತಿರುಪು ಸಡಿಲಿಸಿ, ಸೀಟು ಎಳೆದು ಏರಿಸಿ, ಸೀಳಿದ ಅಂಗೈಯಿಂದಲೇ ಪಾನಾ ಒತ್ತಿ ಬಿಗಿದಳು. ಒಬ್ಬೊಬ್ಬರಾಗಿ ಹುಡುಗಿಯರು ಡ್ರಮ್ಮು ಸುತ್ತಿ ಹೋಗುತ್ತಿದ್ದರು. ಮಾಳಪ್ಪ ಅವರನ್ನು ನೋಡಿದ, ಇವಳ ಕೈಯನ್ನು ನೋಡಿದ. ಎರಡೇ ಹೆಜ್ಜೆ ದೂರದಲ್ಲಿ, ಅದೇ ಕೆಲಸ ಕಲಿತ ಎರಡು ಕೈಗಳನ್ನು ಹಿಂದೆ ಕಟ್ಟಿಕೊಂಡು, ಏನೂ ಮಾಡದೆ ನಿಂತ.

ಅವಳು ಹತ್ತಿದಳು. ಹಿಂದಿರುಗುವ ದಾರಿಯ ನೆನಪು ಅವಳಿಗೆ ಸರಿಯಾಗಿ ಉಳಿಯಲಿಲ್ಲ. ಹಾನಗಲ್ಲಿನ ಹುಡುಗಿಯೊಬ್ಬಳನ್ನು ಏರಿನಲ್ಲಿ ದಾಟಿದ್ದು, ಶಿಗ್ಗಾವಿಯ ಮನೆಗಳು ಕಾಣುವ ಹೊತ್ತಿಗೆ ಸೀಟು ಮತ್ತೆ ಕುಸಿದದ್ದು, ಅಲ್ಲಿಂದ ಕೊನೆಯವರೆಗೂ ನಿಂತೇ ಹೊಡೆದದ್ದು ಅಷ್ಟೇ. ಕಿರಾಣಿ ಅಂಗಡಿಯ ಕಟ್ಟೆಯ ಮುಂದೆ ಹಾದಾಗ ಅವಳ ತಲೆ ಎಂದಿಗಿಂತ ಕೆಳಗಿತ್ತು. ಯಾರು ನಕ್ಕರು, ಯಾರು ಬಿಟ್ಟರು, ನೋಡಲಿಲ್ಲ.

ನಾಲ್ಕನೆಯವಳಾಗಿ ಬಂದಳು. ಚಂದ್ರಪ್ಪ ಸರ್ ಬೆನ್ನು ತಟ್ಟಿದರು, ಶಾರವ್ವ ಸೆರಗಿನಿಂದ ಮಗಳ ಮುಖ ಒರೆಸಿದಳು. ನೌಕರಿ ಸಿಕ್ಕಿತಲ್ಲ, ನಗು ಎಂದು ಎಲ್ಲರೂ ಅಂದರು. ಗುತ್ತೆವ್ವನಿಗೆ ನಗು ಬರಲಿಲ್ಲ. ಮೊದಲನೆಯದು ಅವಳದಾಗಬೇಕಿತ್ತು. ಡ್ರಮ್ಮಿನ ಹತ್ತಿರ ನಿಂತು ಕಳೆದ ಹೊತ್ತು ಅವಳದು, ಪೈಪಿನ ಜೊತೆ ಅದನ್ನೂ ಅವಳಿಂದ ಕೊಯ್ದುಕೊಂಡಿದ್ದರು. ನಾಲ್ಕನೆಯ ಜಾಗ ಅದನ್ನು ತುಂಬಿಕೊಡುವುದಿಲ್ಲ.

ಪಂದ್ಯದವರು ಶಾಮಿಯಾನ ಬಿಚ್ಚುತ್ತಿರುವಾಗ ಮಾಳಪ್ಪ ಬಂದು ತಲುಪಿದ. ಇಳಿದವನು ಸೀಟಿಲ್ಲದ ಸೈಕಲ್ಲನ್ನು ಕಂಬಕ್ಕೆ ಒರಗಿಸಿದ. ಅವಳಿಗೆ ಜಾಗ ಸಿಕ್ಕಿದ ಸುದ್ದಿ ದಾರಿಯಲ್ಲೇ ಅವನಿಗೆ ಗೊತ್ತಾಗಿತ್ತು. ಹತ್ತಿರ ಬಂದು ನಿಂತ. ತಪ್ಪಾಯಿತು ಎನ್ನುತ್ತಾನೆಂದು ಶಾರವ್ವ ಕಾದಳು. ಅವನಿಗೆ ಆ ಮಾತಿನ ರೂಢಿ ಇರಲಿಲ್ಲ. ಹಾಸ್ಟೆಲ್ಲಿಗೆ ಹೋದರೆ ಅಲ್ಲಿ ಸರಿಯಾದ ಪೈಪು ಕೊಡುತ್ತಾರಲ್ಲ ಎಂದು ಕೇಳಿದ. ಕೊಡುತ್ತಾರೆ ಎಂದಳು ಗುತ್ತೆವ್ವ.

"ಹಂಗಾರ ನನ್ನ ಪೈಪು?"

ಗುತ್ತೆವ್ವ ಸೈಕಲ್ಲನ್ನು ಹೆಗಲಿಗೇರಿಸಿದಳು. ಬಿಜಾಪುರದ ಬಸ್ಸಿನ ಟಾಪಿನ ಮೇಲೆ ಹಗ್ಗ ಹಿಡಿದು ನಿಂತವನು ಆಗಲೇ ಅವಳನ್ನು ಕೂಗುತ್ತಿದ್ದ.

"ನಿಂತ ಹೊಡಿ," ಎಂದಳು.