ತಾಯಿಯ ವಾರ ಬಿಡಿಸಿದ ಗುಳಿಗೆ

ನನ್ನ ಹೆಂಡತಿ ಕೆಂಚವ್ವ ತೀರಿಕೊಂಡ ಸುದ್ದಿ ಮುಟ್ಟಿದಾಗ ನಾನು ಅವಳಿಗಾಗಿ ದೇವಿಯ ಭಂಡಾರದ ಅರಿಶಿನ ತೆಗೆದುಕೊಂಡು ಎಲ್ಲಮ್ಮನ ಗುಡ್ಡದಿಂದ ಕೆಳಗಿನ ಊರು ಉಗರಗೋಳಕ್ಕೆ ಇಳಿಯುತ್ತಿದ್ದೆ. ದವಾಖಾನೆಯಿಂದ ಮಗಳು ಮಾಲಾ ಫೋನ್ ಮಾಡಿ, "ಅಪ್ಪಾ, ಅವ್ವ ಹೋದ್ಳು" ಎಂದಳು. ದಾರಿಯ ಕಲ್ಲಿನ ಮೇಲೆ ಕುಳಿತೆ. ಅಳುವಿಗಿಂತ ಮೊದಲು ನಾಚಿಕೆ ಬಂತು.

ಅವಳಿಗೆ ಎರಡು ವರ್ಷದಿಂದ ಉರಿಮೂತ್ರದ ಬೇನೆ. ಪ್ರತಿ ಸಲ ಏಳು ದಿನದ ಕ್ಯಾಪ್ಸೂಲು ಬರೆದುಕೊಡುತ್ತಿದ್ದರು. ಅದರ ಹೊರಗಿನ ಸಿಪ್ಪೆಯನ್ನು ದನದ ಎಲುಬಿನಿಂದ ಮಾಡುತ್ತಾರೆಂದು ಯಾರೋ ಹೇಳಿದ್ದರು. ಮಂಗಳವಾರ, ಶುಕ್ರವಾರ ಎಲ್ಲಮ್ಮನ ವಾರ. ಅಂದು ಅದನ್ನು ಬಾಯಿಗೆ ಹಾಕಬಾರದೆಂದು ಕಟ್ಟಳೆ ಮಾಡಿದೆ.

"ಒಂದಿನಾ ಬಿಟ್ರ ಏನಾಗತೈತಿ?" ಎನ್ನುತ್ತಿದ್ದೆ.

"ಈ ಉರಿ ನಿಮಗ ಬಂದಿದ್ರ ವಾರಾ ಕೇಳ್ತಿದ್ದಿಲ್ಲ ಬಿಡ್ರಿ" ಎಂದು ನಕ್ಕು ಅಂದಿನ ಗುಳಿಗೆ ತೆಗೆದಿಡುತ್ತಿದ್ದಳು.

ಉರಿ ತಗ್ಗಿದ ಕೂಡಲೇ ಉಳಿದವನ್ನು ಮುಂದಿನ ಸಲಕ್ಕೆಂದು ಎತ್ತಿಡುತ್ತಿದ್ದೆವು. ಬೇನೆ ಮತ್ತೆ ಬರುತ್ತಿತ್ತು, ಮೊದಲಿಗಿಂತ ಹಟ ಮಾಡುತ್ತಿತ್ತು.

ಕೊನೆಗೆ ಚಳಿಜ್ವರದಲ್ಲಿ ಎಚ್ಚರ ತಪ್ಪಿದಳು. ದವಾಖಾನೆಯಲ್ಲಿ ಡಾಕ್ಟರಮ್ಮ ಕೇಳಿದರು, "ಹಿಂದಿನ ಗುಳಗಿ ಪೂರಾ ತಗೊಂಡಾರೇನ್ರಿ, ಅಜ್ಜಾರ?"

"ಒಂದೂ ಬಿಟ್ಟಿಲ್ರಿ" ಎಂದೆ.

ಮೂರು ದಿನದ ಮೇಲೆ ಮೂತ್ರದ ಪರೀಕ್ಷೆಯ ಕಾಗದ ಬಂತು. "ಈ ಹುಳಕ್ಕ ಔಷಧ ರೂಢಿ ಆಗಿಬಿಟ್ಟೈತ್ರಿ, ಯಾವುದೂ ನಾಟವಲ್ದು. ಅರ್ಧಕ್ಕ ಬಿಟ್ಟವರಿಗೆ ಹಿಂಗಾಗೂದು ಜಾಸ್ತಿ. ಇವರಿಗೆ ಹೆಂಗಾತೋ!" ಎಂದರು ಆಕೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಭಂಡಾರ ತರುವೆನೆಂದು ಗುಡ್ಡಕ್ಕೆ ಹೋದೆ.

ಮಣ್ಣು ಮಾಡಿದ ಮೂರನೆಯ ದಿನ ಓಣಿಯವರು ಮಾತಾಡಿಸಲು ಬಂದರು. ನೆರೆಮನೆಯ ಲಗಮಪ್ಪ ಸಿಟ್ಟಾಗಿದ್ದ. "ಆ ಡಾಕ್ಟರಮ್ಮಗ ಏನೂ ತಿಳ್ಯಂಗಿಲ್ರಿ, ಮಾವಾರ. ನಾಕ ಮಂದಿ ಹೋಗಿ ಜಬಾಬ ಕೇಳೂಣ, ನಡೀರಿ!" ಕೆಲವರು ಆಗಲೇ ಎದ್ದು ಚಪ್ಪಲಿ ಮೆಟ್ಟಿದರು. ನಾನು ಸುಮ್ಮನಿದ್ದರೆ ನನ್ನ ಪಾಪ ಆಕೆಯ ತಲೆಗೆ ಹೋಗುತ್ತಿತ್ತು.

"ಕುಂದರ್ರೆಪಾ" ಎಂದೆ. "ತಪ್ಪು ಆಕಿದಲ್ಲ, ನಂದು. ಗುಳಗಿ ನಾನ ಬಿಡಿಸೇನಿ. ಕೇಳಿದ್ರ ಸುಳ್ಳ ಹೇಳೇನಿ."

ಲಗಮಪ್ಪ ತಲೆ ತಗ್ಗಿಸಿದ. ಮಾಲಾ ಎದ್ದು ಒಳಗೆ ಹೋದಳು. ಅಂದಿನಿಂದ ನನಗೆ ಊಟ ಬಡಿಸುತ್ತಾಳೆ, ಮಾತಾಡುವುದಿಲ್ಲ. ಅದು ನ್ಯಾಯವೇ. ಮೊದಲೇ ನಿಜ ಹೇಳಿದ್ದರೆ ಕೆಂಚವ್ವ ಉಳಿಯುತ್ತಿದ್ದಳೋ ಇಲ್ಲವೋ, ನನಗೆ ತಿಳಿಯದು.

ತಾಯೀ ಎಲ್ಲಮ್ಮಾ, ಹಟ ನನ್ನದು, ಹೆಸರು ಮಾತ್ರ ನಿನ್ನದು ಹೇಳಿದೆ. ನನಗಾಗಿ ಇಂದು ಏನನ್ನೂ ಬೇಡುವುದಿಲ್ಲ. ಕೆಂಚವ್ವ ಬಹಳ ನೊಂದು ಬಂದಿದ್ದಾಳೆ. ಅವಳನ್ನು ನಿನ್ನ ಮಡಿಲಿಗೆ ತೆಗೆದುಕೋ. ಅವಳ ಜೀವಕ್ಕೆ ತಂಪು ಕೊಡು, ಶಾಂತಿ ಕೊಡು.