ಬೈದವರೂ ಲೆಕ್ಕಕ್ಕೆ

ನೀರಿನ ಸಂಶೋಧನಾ ಕೇಂದ್ರದಲ್ಲಿ ಆ ವಿಜ್ಞಾನಿಯ ಅಡ್ಡಹೆಸರು ತಕರಾರು ಮೇಡಂ. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಹಾಗೆ ಕರೆಯುವಷ್ಟು ಧೈರ್ಯ ಆ ಕಟ್ಟಡದಲ್ಲಿ ಯಾರಿಗಿತ್ತು ಹೇಳಿ! ಆಕೆಯ ತಕರಾರೆಲ್ಲ ಒಂದೇ ಒಂದು ಫಿಲ್ಟರಿನ ಮೇಲೆ.

ಆ ಫಿಲ್ಟರಿನ ಜನಕರು ಮೇಲಿನ ಮಹಡಿಯ ಇಂಡೆಕ್ಸ್ ಸಾಹೇಬರು. ಸುಟ್ಟ ಮಣ್ಣಿನ ಗೋಲಿಗಳ ಮೂಲಕ ನೀರು ಹರಿಸಿದರೆ ಹಲ್ಲು, ಮೂಳೆ ಹಾಳುಮಾಡುವ ಫ್ಲೋರೈಡ್ ಗೋಲಿಗಳಲ್ಲೇ ಉಳಿಯುತ್ತದೆ ಎಂದು ಅವರೊಂದು ಪ್ರಬಂಧ ಬರೆದಿದ್ದರು. ಉಳಿಯುತ್ತದೆ, ಸುಳ್ಳಲ್ಲ. ಒಂದು ವಾರ ಉಳಿಯುತ್ತದೆ. ಆಮೇಲೆ ಗೋಲಿಗಳು ಹಿಡಿದಿಟ್ಟದ್ದನ್ನೆಲ್ಲ ಕಕ್ಕುತ್ತವೆ. ಒಳಗೆ ಹೋದದ್ದಕ್ಕಿಂತ ಕೆಟ್ಟ ನೀರು ಹೊರಗೆ ಬರುತ್ತದೆ. ಸಾಹೇಬರು ಎರಡು ದಿನ ಅಳೆದು ಕೈ ತೊಳೆದುಕೊಂಡಿದ್ದರು. ಮೇಡಂ ತಿಂಗಳುಗಟ್ಟಲೆ ಅಳೆದು, ಇದು ತಪ್ಪು ಎಂದು ಬರೆದರು. ಬೇರೆ ದೇಶದವರೂ ಅಳೆದು ತಪ್ಪೆಂದೇ ಬರೆದರು. ಯಾವ ಪ್ರಬಂಧವನ್ನು ಬೈಯುತ್ತಿದ್ದೇವೆಂದು ಹೇಳಬೇಕಲ್ಲ? ಹಾಗಾಗಿ ಎಲ್ಲರೂ ಸಾಹೇಬರ ಹೆಸರನ್ನು ಉಲ್ಲೇಖಿಸಿದರು.

ಎಡವಟ್ಟಾದದ್ದು ಅಲ್ಲೇ. ಯಾರ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದು ಎಣಿಸಿ 'ಇಂಡೆಕ್ಸ್' ಎಂಬ ಅಂಕ ಕೊಡುವ ಸಾಫ್ಟ್‌ವೇರಿಗೆ ಹೊಗಳಿಕೆಯೂ ಒಂದೇ, ಉಗಿತವೂ ಒಂದೇ. ಕಳ್ಳನನ್ನು ಬೈದವರನ್ನೆಲ್ಲ ಅವನ ನೆಂಟರೆಂದು ಲೆಕ್ಕ ಹಾಕಿದ ಹಾಗಾಯಿತು. ವರ್ಷ ಕಳೆಯುವುದರೊಳಗೆ ಕೇಂದ್ರದ ಮಹಾವಿಜ್ಞಾನಿ ಯಾರೆಂದರೆ, ಇನ್ಯಾರು, ಸಾಹೇಬರು!

ಶಾಲೆಗಳಿಗೆ ಯಾವ ಫಿಲ್ಟರು ಹಾಕಿಸಬೇಕೆಂದು ತೀರ್ಮಾನಿಸಲು ಸಮಿತಿ ಸೇರಿತು. ಪರದೆಯ ಮೇಲೆ ಉಲ್ಲೇಖಗಳ ನಕ್ಷೆಯಲ್ಲಿ ಸಾಹೇಬರ ನೀಲಿ ಪಟ್ಟಿ ಸೂರು ಮುಟ್ಟುವಂತೆ ನಿಂತಿತ್ತು.

"ಇಷ್ಟು ಉಲ್ಲೇಖ ಇರೋವಾಗ ಇನ್ನೇನು ಬೇಕ್ರೀ?" ಎಂದರು ಅಧ್ಯಕ್ಷರು.

ಸಮಿತಿಯಲ್ಲಿ ಮತವಿಲ್ಲದಿದ್ದರೂ ಮೇಡಂ ಎದ್ದರು. "ಸಾರ್, ಅದ್ರಲ್ಲಿ ಮುಕ್ಕಾಲು ಪಾಲು ಬೈದಿರೋದು. ನಾನೂ ಬೈದಿದೀನಿ. ಒಂದನ್ನಾದ್ರೂ ತೆಗೆದು ಓದಿ."

"ಓದೋದಾ?" ಅಧ್ಯಕ್ಷರು ಕನ್ನಡಕ ತೆಗೆದೇಬಿಟ್ಟರು. "ಎಲ್ಲಾ ಓದ್ತಾ ಕೂತ್ರೆ ನೀತಿ ಮಾಡೋದು ಯಾವಾಗಮ್ಮಾ? ಓದೋ ತಾಪತ್ರಯ ತಪ್ಲಿ ಅಂತಾನೇ ಅಲ್ವಾ ಈ ಸಂಖ್ಯೆ ಇರೋದು!"

ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಕೆಳಗಿಳಿದು ಹೋಗಿ, ತಮ್ಮ ಪ್ರಯೋಗಾಲಯದಲ್ಲಿ ತಿಂಗಳಿಂದ ಓಡುತ್ತಿದ್ದ ಅದೇ ಫಿಲ್ಟರಿನಿಂದ ಒಂದು ಲೋಟ ನೀರು ಹಿಡಿದು ತಂದು ಮೇಜಿನ ಮೇಲೆ ಕುಕ್ಕಿದರು. "ಮಕ್ಕಳು ಕುಡಿಯೋದು ಇದನ್ನೇ. ಯಾರಾದ್ರೂ ಒಂದು ಗುಟುಕು ಕುಡೀರಿ, ನಾನು ಬಾಯಿ ಮುಚ್ಕೊಂಡು ಕೂತ್ಕೋತೀನಿ."

ಅಧ್ಯಕ್ಷರ ಕೈ ತಾನಾಗಿಯೇ ಬಾಟಲಿ ನೀರಿನ ಕಡೆ ಹೋಯಿತು. ಸಾಹೇಬರಿಗೆ ಅದೇ ಗಳಿಗೆಯಲ್ಲಿ ಗಂಟಲು ಕೆಟ್ಟಿತು. ಲೋಟ ಮುಟ್ಟಿದವರಿಲ್ಲ, ಫಿಲ್ಟರಿಗೆ ಮಾತ್ರ ಒಮ್ಮತದ ಒಪ್ಪಿಗೆ ಸಿಕ್ಕಿತು. ಥೂ, ಇವರ ಸಮಿತಿಗಿಷ್ಟು!

ಹೊರಗೆ ಮೆಟ್ಟಿಲ ಬಳಿ ಸಾಹೇಬರು ಹಲ್ಲುಕಿರಿಯುತ್ತ ಹತ್ತಿರ ಬಂದರು. "ಬೇಜಾರ್ ಮಾಡ್ಕೋಬೇಡಿ ಮೇಡಂ. ನೀವು ಬೈದಾಗೆಲ್ಲ ನಂಗೊಂದು ಅಂಕ ಏರುತ್ತೆ. ಇನ್ನೊಂದೆರಡು ಸಲ ಬೈದು ಬರೀರಿ, ಪ್ರಶಸ್ತಿಗೆ ಸ್ವಲ್ಪದ್ರಲ್ಲಿ ಕಮ್ಮಿ ಬೀಳ್ತಿದೆ."

ಮೇಡಂ ಸುಮ್ಮನಿರಲಿಲ್ಲ. ಇಲಾಖೆಗೆ ಹೋದರು, ಪತ್ರಿಕೆಯವರ ಹತ್ತಿರ ಹೋದರು. ಎಲ್ಲ ಕಡೆ ಒಂದೇ ಮಾತು: ನಿಮ್ಮ ಸಂಖ್ಯೆ ಎಷ್ಟು? ಹೇಳಿದರೆ ಕೇಳಿದವರು ಮೂಗು ಮುರಿಯುತ್ತಿದ್ದರು.

ಒಂದು ದಿನ ಮಧ್ಯಾಹ್ನ ತಂಗಿಯ ಫೋನು ಬಂತು. ತಂಗಿ ಊರಾಚೆಯ ಶಾಲೆಯಲ್ಲಿ ಟೀಚರು.

"ಅಕ್ಕಾ, ನಿಮ್ಮ ಕೇಂದ್ರದ ಫಿಲ್ಟರ್ ಹಾಕಿದಾರೆ ನಮ್ಮಲ್ಲಿ! ನೀನು ಹೇಳ್ಲೇ ಇಲ್ಲ ನೋಡು!"

ಮೇಡಂ ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ಕೆಳಗಿಟ್ಟರು. "ಯಾವಾಗ ಹಾಕಿದ್ದು?"

"ಆಯ್ತು ಒಂದು ತಿಂಗಳು. ಜೊತೆಗೊಂದು ಬಣ್ಣದ ಪುಸ್ತಕ ಕೊಟ್ಟಿದಾರೆ. 'ಈ ಸಂಶೋಧನೆಯನ್ನು ಉಲ್ಲೇಖಿಸಿದ ಗಣ್ಯ ವಿಜ್ಞಾನಿಗಳು' ಅಂತ, ಅದ್ರಲ್ಲಿ ನಿಂದೇ ಮೊದಲನೇ ಹೆಸರು! ಮಕ್ಕಳ ಅಪ್ಪ ಅಮ್ಮ ಹೊಸ ನೀರು ಅಂತ ಹಿಂದೆಮುಂದೆ ನೋಡ್ತಿದ್ರು. ನಾನೇ ಪುಸ್ತಕ ತೋರ್ಸಿ, ನಮ್ಮಕ್ಕ ಎಲ್ಲೆಂದ್ರಲ್ಲಿ ಹೆಸರು ಹಾಕಿಸ್ಕೊಳ್ಳೋಳಲ್ಲ, ಧೈರ್ಯವಾಗಿ ಕುಡೀಲಿ ಅಂದೆ. ಇಷ್ಟು ದಿನ ಒಳ್ಳೆ ನೀರು ತರ್ತಿದ್ದ ಟ್ಯಾಂಕರಿನವನಿಗೂ ಇನ್ನು ಬರಬೇಡ ಅಂದ್ವಿ."

ಮೇಡಂ ಕಿರುಚಿದರು. "ನಲ್ಲಿ ಮುಚ್ಚೇ! ಈಗ್ಲೇ ಮುಚ್ಚು!"

"ಯಾಕಕ್ಕಾ? ನಿನ್ನ ಹೆಸರಿದೆಯಲ್ಲ?"

"ಬೈದಿರೋಳ ಹೆಸರು ಕಣೇ ಅದು! ಬೈದಿರೋಳದ್ದು!"

ಫೋನಿನಲ್ಲಿ ಶಾಲೆಯ ಗಂಟೆ ಹೊಡೆದದ್ದು ಕೇಳಿಸಿತು. ಹಿಂದೆಯೇ ಮಕ್ಕಳ ಓಟ, ಸ್ಟೀಲು ಲೋಟಗಳ ಸದ್ದು. ತಂಗಿ ಫೋನು ಹಿಡಿದುಕೊಂಡೇ ಓಡುತ್ತಿದ್ದಳು. "ಯಾರೂ ಕುಡೀಬೇಡಿ! ಲೋಟ ಕೆಳಗಿಡಿ!"

ಒಂದು ಪುಟ್ಟ ದನಿ ಗೊಂದಲದಿಂದ ಕೇಳಿತು. "ನೀವೇ ಕುಡೀರಿ ಅಂದಿದ್ರಲ್ಲ ಮಿಸ್?"