ಜಾಡಿಯ ಮೇಲಿನ ರಬ್ಬರ್ ಬ್ಯಾಂಡು

ಆ ಮನೆಯಲ್ಲಿ ಸೊಸೆಗೆ ಇದ್ದ ಹೆಸರು ಮುಕ್ಕಾಲು. ಇಟ್ಟವರು ಅತ್ತೆ. ಹಾಗೆ ಹೆಸರಿಡಲು ಬೇಕಾದ ಸಾಕ್ಷಿಗಳೆಲ್ಲ ಬೀರುವಿನಲ್ಲೇ ಇದ್ದವು: ಒಂದು ತೋಳು ಬಾಕಿ ಉಳಿದ ಸ್ವೆಟರ್, ಕೊನೆಯ ಎರಡು ಪಾಠ ಬಿಟ್ಟ ಟೈಪಿಂಗ್ ಪುಸ್ತಕ, ಮೂರು ಗೋಡೆಗೆ ಬಣ್ಣ ಬಳಿದು ನಾಲ್ಕನೆಯದಕ್ಕೆಂದು ಎತ್ತಿಟ್ಟು ಕಲ್ಲಿನಂತಾಗಿದ್ದ ಬ್ರಷ್ಷು. ಈಜು ಕಲಿಯಲು ಹೋದವಳು ತೇಲುವುದನ್ನು ಕಲಿತು, ಮುಂದಕ್ಕೆ ಹೋಗುವುದನ್ನು ಕಲಿಯುವ ಮೊದಲೇ ಬಿಟ್ಟುಬಂದಿದ್ದಳು. ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ ಕೆಳಮನೆಯ ಟೀಚರಮ್ಮ ಕೂಡ ಮೆಟ್ಟಿಲಲ್ಲಿ ಸಿಕ್ಕಾಗ ಮುಕ್ಕಾಲು ಚೆನ್ನಾಗಿದ್ದಾಳಾ ಎಂದೇ ವಿಚಾರಿಸುತ್ತಿದ್ದರು. ಅವಳೂ ನಗುತ್ತಿದ್ದಳು. ನಲವತ್ತೆಂಟು ವರ್ಷ ವಯಸ್ಸಿನಲ್ಲಿ ಅಡ್ಡಹೆಸರಿಗೆ ಮುಖ ಊದಿಸಿಕೊಂಡು ಕೂತರೆ ಕೆಲಸ ನಡೆಯುತ್ತದೆಯೇ? ಆದರೆ ಆ ನಗು ಪೂರ್ತಿ ನಗುವಾಗಿರಲಿಲ್ಲ ಎಂಬುದನ್ನು ಹೇಳಿಬಿಡಬೇಕು.

ಅವಳು ಪೂರ್ತಿಯಾಗಿ ಮಾಡುತ್ತಿದ್ದುದು ಎಂದರೆ ಅಡುಗೆ. ಅದರಲ್ಲೂ ಬ್ರೆಡ್ಡು. ನಾಲ್ಕು ವರ್ಷದಿಂದ ಆ ಮನೆಗೆ ಅಂಗಡಿಯ ಬ್ರೆಡ್ ಬಂದಿರಲಿಲ್ಲ. ಅತ್ತೆಗೆ ಉಳಿದಿದ್ದ ಹಲ್ಲುಗಳು ಬೆರಳೆಣಿಕೆಯಷ್ಟು. ಸೊಸೆ ಮಾಡಿದ ಮೆತ್ತನೆಯ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿದರೆ ಮಾತ್ರ ಅವರಿಗೆ ಬೆಳಗಾಗುತ್ತಿತ್ತು. ಹಾಗಂತ ಒಂದು ದಿನವೂ ಚೆನ್ನಾಗಿದೆ ಎಂದವರಲ್ಲ. ಉಪ್ಪು ಸರಿಯಿದೆ ಎಂದರೆ ಅದೇ ದೊಡ್ಡ ಬಹುಮಾನ.

ಸೊಸೆಗೆ ಕೆಲಸ ಕನ್ನಡಕದ ಅಂಗಡಿಯಲ್ಲಿ. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಕೌಂಟರಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತು, ಬಂದವರ ಮೂಗು ಕಿವಿಗಳನ್ನು ನೋಡಿ ಫ್ರೇಮಿನ ಕಡ್ಡಿ ಬಗ್ಗಿಸುವುದು. ಕೂತೂ ಕೂತೂ ಮಂಡಿಗಳು ಮುನಿಸಿಕೊಂಡಿದ್ದವು. ಅಂಥ ಹೊತ್ತಿನಲ್ಲಿ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವವನು ಗೋಡೆಗೆ ಒಂದು ಹಾಳೆ ಅಂಟಿಸಿದ. ಮೂವತ್ತು ದಿನ, ದಿನಕ್ಕೆ ಐದು ಕಿಲೋಮೀಟರ್, ಓಡಿ ಇಲ್ಲವೇ ನಡೆಯಿರಿ. ಮುಗಿಸಿದ ದಿನದ ಚೌಕದಲ್ಲಿ ಸಹಿ ಹಾಕಿ. ಗೆದ್ದವರಿಗೆ ಏನೂ ಇಲ್ಲ, ಹೆಸರು ಮಾತ್ರ. ಆರು ಜನ ಹೆಸರು ಬರೆದರು. ಅವರಲ್ಲಿ ಅವಳೂ ಒಬ್ಬಳು.

ಸುದ್ದಿ ಕೇಳಿ ಅತ್ತೆ ಮೂಗು ಮುರಿದರು. ಇಪ್ಪತ್ತೆರಡು ದಿನ, ಅದರ ಮೇಲೆ ಒಂದು ದಿನ ನಡೆದರೆ ಕೇಳಿ ಎಂದು ಅಂದು ಸಂಜೆಯೇ ಬಾಲ್ಕನಿಯಿಂದ ಬಗ್ಗಿ ಟೀಚರಮ್ಮನಿಗೆ ಹೇಳಿದರು. ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ಸೊಸೆಗೆ ಅದು ಕೇಳಿಸಿತು. ರಾತ್ರಿ ಊಟಕ್ಕೆ ಕೂತಾಗ ಅವಳು, ಯಾರೂ ಕೇಳದಿದ್ದರೂ, ಇನ್ನೊಂದು ಮಾತು ಸೇರಿಸಿದಳು: ಈ ಮೂವತ್ತು ದಿನದಲ್ಲಿ ಮನೆಗೆ ಹೊರಗಿನ ಬ್ರೆಡ್ಡೂ ಬರುವುದಿಲ್ಲ, ಹೊರಗಿನ ಊಟವೂ ಬರುವುದಿಲ್ಲ. ಬಸ್ ಓಡಿಸುವ ಗಂಡ ತಟ್ಟೆಯಿಂದ ತಲೆಯೆತ್ತಿ ನೋಡಿದ. ಒಂದು ಹೊರೆ ಸಾಲದೆಂದು ಎರಡನೆಯದನ್ನೂ ತಲೆಯ ಮೇಲೆ ಎತ್ತಿಕೊಳ್ಳುವವರನ್ನು ಅವನು ತನ್ನ ಬಸ್ಸಿನಲ್ಲಿ ದಿನವೂ ನೋಡುತ್ತಿದ್ದ.

ಎರಡನ್ನೂ ಹೊಂದಿಸುವ ದಾರಿಯನ್ನು ಅವಳೇ ಕಂಡುಕೊಂಡಳು. ಬೆಳಿಗ್ಗೆ ಐದೂ ಮುಕ್ಕಾಲಿಗೆ ಹಿಟ್ಟು ನಾದಿ, ಅಗಲ ಬಾಯಿಯ ಗಾಜಿನ ಜಾಡಿಗೆ ಹಾಕಿ, ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡುವುದು. ಹಿಟ್ಟು ಎಲ್ಲಿಯವರೆಗೆ ಉಬ್ಬಬೇಕೋ ಅಲ್ಲಿಗೆ ಜಾಡಿಯ ಸುತ್ತ ಒಂದು ಕೆಂಪು ರಬ್ಬರ್ ಬ್ಯಾಂಡು. ಇಷ್ಟು ಮಾಡಿ ಹೊರಗೆ ಓಡುವುದು. ಹಿಟ್ಟು ಬ್ಯಾಂಡು ಮುಟ್ಟುವ ಮೊದಲು ಐದು ಕಿಲೋಮೀಟರ್ ಮುಗಿಸಿ ಮೂರು ಮಹಡಿ ಹತ್ತಿ ಬರಬೇಕು. ಗಂಡ ತನ್ನ ಹಳೆಯ ಕೈಗಡಿಯಾರ ಕೊಡಲು ಬಂದ. ಗಡಿಯಾರ ನೋಡಿಕೊಂಡು ಓಡಲು ತಾನೇನು ಬಸ್ಸೇ ಎಂದು ಅವಳು ಬೇಡವೆಂದಳು. ಗಡಿಯಾರಕ್ಕೆ ತಡವಾಗಿ ಬಂದರೂ ಅದು ಸುಮ್ಮನಿರುತ್ತದೆ. ಹಿಟ್ಟು ಹಾಗಲ್ಲ, ಹೊತ್ತು ಮೀರಿದರೆ ಉಬ್ಬಿ ಉಬ್ಬಿ ಕುಸಿಯುತ್ತದೆ, ಆಮೇಲೆ ಬ್ರೆಡ್ಡು ಹುಳಿ ವಾಸನೆ ಹೊಡೆಯುತ್ತದೆ.

ಮೊದಲ ವಾರ ಹಿಟ್ಟಿನ ಕೈಯೇ ಮೇಲಾಯಿತು. ಬಾಗಿಲು ಹಾಕಿದ ಅಂಗಡಿಗಳ ಸಾಲು, ಅಂಚೆ ಕಚೇರಿ, ಸೇತುವೆ, ಆಟದ ಮೈದಾನಕ್ಕೆ ಎರಡು ಸುತ್ತು, ವಾಪಸ್ಸು. ಸೇತುವೆಯ ಏರಿನಲ್ಲಿ ಅವಳ ಓಟ ನಡಿಗೆಯಾಗುತ್ತಿತ್ತು, ಮೈದಾನದಲ್ಲಿ ನಡಿಗೆ ತೆವಳಾಟವಾಗುತ್ತಿತ್ತು. ಏದುಸಿರು ಬಿಡುತ್ತ ಅಡುಗೆಮನೆಗೆ ಬಂದರೆ ಹಿಟ್ಟು ಬ್ಯಾಂಡು ದಾಟಿ ಜಾಡಿಯ ಬಾಯಿಯಿಂದ ಇಣುಕುತ್ತಿರುತ್ತಿತ್ತು. ಅದನ್ನು ಗುದ್ದಿ ಇಳಿಸಿ, ಆಕಾರ ಕೊಟ್ಟು, ಎರಡನೆಯ ಸಲ ಉಬ್ಬುವಷ್ಟರಲ್ಲಿ ತರಕಾರಿ ಬೇಯಿಸಿ, ಈರುಳ್ಳಿ ಕೆಂಪಗಾಗುವ ತನಕ ಒಲೆಯ ಮುಂದೆ ಇಪ್ಪತ್ತು ಬಸ್ಕಿ ಹೊಡೆದು, ಬ್ರೆಡ್ಡನ್ನು ಓವನ್ನಿಗೆ ತಳ್ಳಿ ಸ್ನಾನಕ್ಕೆ ಓಡುವುದು. ಒಂದು ದಿನ ಬಸ್ಕಿಯ ಲೆಕ್ಕದಲ್ಲಿ ಮುಳುಗಿ ಉಪ್ಪನ್ನು ಎರಡು ಸಲ ಹಾಕಿದಳು. ಅಂದು ಅತ್ತೆ, ಈ ವ್ಯಾಯಾಮ ನಾಲಿಗೆಗೂ ಇದೆ ಅಂತ ಮೊದಲೇ ಹೇಳಬಾರದಿತ್ತಾ ಎಂದರು.

ಎರಡನೆಯ ವಾರ ಮುಗಿಯುವಷ್ಟರಲ್ಲಿ ಅಂಗಡಿಯ ಹಾಳೆಯಲ್ಲಿ ನಾಲ್ವರ ಸಾಲು ಖಾಲಿ ಬಿದ್ದಿತ್ತು. ಉಳಿದವರು ಲೆನ್ಸ್ ಉಜ್ಜುವವನು ಮತ್ತು ಅವಳು. ಹದಿನಾರನೆಯ ದಿನ ಬೆಳಿಗ್ಗೆ ಮಂಡಿ ಹಿಡಿದುಕೊಂಡು ಕುಂಟುತ್ತ ಬಂದರೆ, ಹಿಟ್ಟು ಜಾಡಿಯಿಂದ ಸುರಿದು ಕಟ್ಟೆಯ ಮೇಲೆ ಹರಡಿ ಗ್ಯಾಸ್ ಒಲೆ ತಿರುಗಿಸುವ ಗುಬುಟಕ್ಕೆ ಅಂಟಿಕೊಂಡಿತ್ತು. ಅವಳು ನೆಲದ ಮೇಲೆ ಕೂತುಬಿಟ್ಟಳು. ತಾನು ಮುಕ್ಕಾಲೂ ಅಲ್ಲ, ಈ ಸಲ ಬರೀ ಅರ್ಧ ಎಂದು ಯಾರಿಗೂ ಅಲ್ಲದಂತೆ ಹೇಳಿಕೊಂಡು ಅತ್ತಳು. ಪಕ್ಕದ ಕೋಣೆಯಲ್ಲಿ ಅತ್ತೆಯ ಮಂಚ ಕಿರ್ರೆಂದಿತು. ಅವರು ಎದ್ದು ಬರಲಿಲ್ಲ.

ಮಾರನೆಯ ದಿನ ಅವಳು ಗೆದ್ದಳು. ಹಿಟ್ಟು ಬ್ಯಾಂಡಿಗಿಂತ ಒಂದೂವರೆ ಬೆರಳು ಕೆಳಗಿತ್ತು. ಅದರ ಮಾರನೆಯ ದಿನವೂ ಗೆದ್ದಳು. ಕಾಲು ನೆಲಕ್ಕೆ ತಾಗದಂತೆ ಅಂಗಡಿಗೆ ಹೋಗಿ, ಸಹಿಯ ಪಕ್ಕದಲ್ಲಿ ಒಂದು ನಕ್ಷತ್ರ ಬರೆದಳು: ಹಿಟ್ಟು ಸೋತ ದಿನದ ಗುರುತು. ಏಳು ದಿನಕ್ಕೆ ಏಳು ನಕ್ಷತ್ರ. ಲೆನ್ಸ್ ಉಜ್ಜುವವನು ಬೆನ್ನು ತಟ್ಟಿದ. ಕನ್ನಡಕ ಹಾಕಿಸಿಕೊಳ್ಳಲು ಬಂದವರಿಗೂ ಅವಳು ಕಡ್ಡಿ ಬಗ್ಗಿಸುತ್ತ ಜಾಡಿಯ ಕಥೆ ಹೇಳಿದಳು. ಬ್ರೆಡ್ಡು ಯಾಕೋ ಸ್ವಲ್ಪ ಗಟ್ಟಿಯಾಗುತ್ತಿದೆ ಎನ್ನಿಸಿತ್ತು, ತಪ್ಪನ್ನು ಓವನ್ನಿನ ಮೇಲೆ ಹಾಕಿದಳು. ಗೆಲ್ಲುತ್ತಿರುವವರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ಇಪ್ಪತ್ತನಾಲ್ಕನೆಯ ದಿನ ನೋವಿಗೆಂದು ಮಂಡಿಗೆ ಬಿಗಿದುಕೊಳ್ಳುತ್ತಿದ್ದ ಪಟ್ಟಿ ಮರೆತು ಅಂಚೆ ಕಚೇರಿಯಿಂದ ವಾಪಸ್ಸು ಬಂದಳು. ಬಾಗಿಲು ತೆರೆದರೆ ಅತ್ತೆ ನಡುಮನೆಯಲ್ಲಿದ್ದರು. ಕೋಲು ಗೋಡೆಗೆ ಒರಗಿತ್ತು. ಎರಡೂ ಕೈಯಲ್ಲಿ ಜಾಡಿಯನ್ನು ಎದೆಗವಚಿಕೊಂಡು, ಒಂದೊಂದೇ ಹೆಜ್ಜೆಯಿಟ್ಟು, ಗಾಳಿ ಕೊರೆಯುವ ಉತ್ತರದ ಕಿಟಕಿಯ ಕಡೆಗೆ ಹೋಗುತ್ತಿದ್ದರು. ಕಿಟಕಿಯ ಕಲ್ಲುಕಟ್ಟೆಯ ಮೇಲೆ ಜಾಡಿಯ ತಳದ ದುಂಡನೆಯ ಗುರುತು ಮೊದಲೇ ಬಿದ್ದಿತ್ತು.

"ಏನ್ ಮಾಡ್ತಿದ್ದೀರಿ ಅತ್ತೆ?"

ಅತ್ತೆ ಗಾಬರಿಯಾಗಲಿಲ್ಲ. ಜಾಡಿಯನ್ನು ಮೊದಲು ಜೋಪಾನವಾಗಿ ಕಟ್ಟೆಯ ಮೇಲಿಟ್ಟರು.

"ಕಾಣ್ಸಲ್ವಾ? ತಣ್ಣಗಿಡ್ತಿದ್ದೀನಿ."

"ಎಷ್ಟು ದಿನದಿಂದ?"

"ನೆಲದ ಮೇಲೆ ಕೂತು ಕಣ್ಣೀರು ಹಾಕಿದ್ಯಲ್ಲ, ಅದರ ಮಾರನೇ ದಿನದಿಂದ. ಕೆಳಗಿನ ಬಾಗಿಲು ಸದ್ದಾದಾಗ ವಾಪಸ್ ತಂದಿಡ್ತಿದ್ದೆ. ನೀನು ಮೂರು ಮಹಡಿ ಹತ್ತೋ ಹೊತ್ತಿಗೆ ನಾನು ಎಂಟು ಹೆಜ್ಜೆ ಇಡ್ತೀನಿ."

ಸೊಸೆಗೆ ಸಿಟ್ಟು ಬಂತು. ಏಳು ನಕ್ಷತ್ರಗಳೂ ಕಣ್ಣ ಮುಂದೆ ಬಂದವು, ಆ ಕಥೆ ಕೇಳಿ ತಲೆದೂಗಿದ ಗಿರಾಕಿಗಳೂ ಬಂದರು.

"ಗೆದ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ."

"ಹೇಳ್ಕೊಳ್ಲಿ ಅಂತಾನೇ ಮಾಡಿದ್ದು. ಬಿಟ್ಬಿಡ್ತೀಯೇನೋ ಅಂತ ಭಯ ಆಯ್ತು ಕಣೇ."

"ಸೋತ್ರೆ ನಾನೇ ಸೋಲ್ಬೇಕು ಅತ್ತೆ. ನೀವು ಗೆಲ್ಸಿದ್ರೆ ಇದೂ ಒಂದು ತೋಳಿಲ್ಲದ ಸ್ವೆಟರೇ."

ಮಂಡಿಪಟ್ಟಿ ಬಿಗಿದುಕೊಂಡು ಅವಳು ಮತ್ತೆ ಹೊರಗೆ ಹೋದಳು. ಐದು ಕಿಲೋಮೀಟರನ್ನು ಸಿಟ್ಟಿನಲ್ಲೇ ಮುಗಿಸಿದಳು. ಬರುವಷ್ಟರಲ್ಲಿ ಜಾಡಿಯನ್ನು ಅತ್ತೆ ಒಲೆಯ ಪಕ್ಕಕ್ಕೇ ತಂದಿಟ್ಟಿದ್ದರು, ಹಿಟ್ಟು ಉಬ್ಬಿ ಕುಸಿದು ಹೋಗಿತ್ತು. ಆ ದಿನದ ಬ್ರೆಡ್ಡು ಹಲಗೆಯಂತಿತ್ತು. ಇಬ್ಬರೂ ಅದನ್ನೇ ತಿಂದರು; ಅತ್ತೆ ತಮ್ಮ ತುಂಡನ್ನು ಹಾಲಿನಲ್ಲಿ ಬಹಳ ಹೊತ್ತು ನೆನೆಸಬೇಕಾಯಿತು. ಅಂಗಡಿಗೆ ಹೋದವಳೇ ಅವಳು ಏಳೂ ನಕ್ಷತ್ರಗಳನ್ನು ಗೀಚಿ ಹೊಡೆದುಹಾಕಿದಳು. ಲೆನ್ಸ್ ಉಜ್ಜುವವನು ಏಕೆಂದು ಕೇಳಿದ. ಹಿಟ್ಟು ಸೋತಿರಲಿಲ್ಲ, ಅದಕ್ಕೆ ಚಳಿಯಾಗಿತ್ತು ಎಂದಳು. ನಾಚಿಕೆಯಿಂದ ಮುಖ ಬಿಸಿಯಾಯಿತು, ಆದರೆ ಪೆನ್ನು ಕೆಳಗಿಟ್ಟಾಗ ಹಗುರವೂ ಆಯಿತು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆ, ಓಟ ಜಾಸ್ತಿ. ಇಪ್ಪತ್ತೈದನೆಯ ದಿನ ಹಿಟ್ಟು ಎರಡು ಬೆರಳು ಮುಂದಿತ್ತು. ಇಪ್ಪತ್ತೇಳಕ್ಕೆ ಒಂದು ಬೆರಳು. ಇಪ್ಪತ್ತೊಂಬತ್ತರಂದು ಅವಳು ಬಾಗಿಲಲ್ಲಿ ಕಾಲಿಟ್ಟಾಗ ಹಿಟ್ಟು ಸರಿಯಾಗಿ ಬ್ಯಾಂಡಿನ ಮೇಲಿತ್ತು, ಹಿಂದಿಲ್ಲ ಮುಂದಿಲ್ಲ. ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿ, ಹ್ಞೂಂ ಎಂದರು. ಐದು ದಿನದಲ್ಲಿ ಅದೇ ಮೊದಲ ಮಾತು.

ಮೂವತ್ತನೆಯ ದಿನ ಅವಳು ಶೂ ಕಟ್ಟಿಕೊಳ್ಳುತ್ತಿದ್ದಾಗ ಅತ್ತೆ ಕೋಲೂರಿಕೊಂಡು ಅಡುಗೆಮನೆಗೆ ಬಂದರು. ಅವಳ ಕಣ್ಣೆದುರಿಗೇ ಜಾಡಿಯನ್ನು ನಾಲ್ಕು ಬೆರಳು ಒಲೆಯ ಕಡೆಗೆ ಸರಿಸಿದರು. ಒಲೆಯ ಮೇಲೆ ನೀರಿನ ಪಾತ್ರೆಯಿಟ್ಟು ಸಣ್ಣ ಉರಿ ಹಚ್ಚಿದರು. ಕಿಟಕಿ ಮುಚ್ಚಿದರು. ಆಮೇಲೆ ಸ್ಟೂಲು ಎಳೆದುಕೊಂಡು ಜಾಡಿಯ ಎದುರು ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡರು.

"ಇವತ್ತು ಇದಕ್ಕೆ ಬೆಚ್ಚಗಿರತ್ತೆ. ನೀನು ಹೋಗ್ಬಾ."

ಅವಳು ಮೆಟ್ಟಿಲಿಳಿಯುವಾಗಲೇ ನಗುತ್ತಿದ್ದಳು. ಸಹಾಯ ಬೇಡವೆಂದವಳಿಗೆ ಅತ್ತೆ ಕೊಟ್ಟ ಮರ್ಯಾದೆ ಅದು ಎಂದು ತಿಳಿಯಲು ಅವಳಿಗೆ ಅಂಚೆ ಕಚೇರಿಯವರೆಗೂ ಹೋಗಬೇಕಾಗಲಿಲ್ಲ. ಗೆಲ್ಲುತ್ತಾಳೆ ಎಂದು ನಂಬದಿದ್ದರೆ ಯಾರಾದರೂ ಉರಿ ಹಚ್ಚುತ್ತಾರೆಯೇ? ಸೇತುವೆಯ ಏರು ಬಂತು. ಮೂವತ್ತು ದಿನದಲ್ಲಿ ಒಮ್ಮೆಯೂ ಓಡಿ ಹತ್ತದ ಏರು. ಈ ಸಲ ಅವಳು ನಡಿಗೆಗೆ ಇಳಿಯಲಿಲ್ಲ. ಎದೆ ಹೊಡೆದುಕೊಂಡಿತು, ತೊಡೆ ಉರಿಯಿತು, ಮಂಡಿ ತನ್ನ ಹಳೆಯ ದೂರನ್ನೆಲ್ಲ ಹೇಳಿಕೊಂಡಿತು. ಎಲ್ಲವನ್ನೂ ಕೇಳಿಸಿಕೊಂಡು ಓಡಿದಳು. ಮೈದಾನದ ಎರಡನೆಯ ಸುತ್ತಿನಲ್ಲಿ ಅವಳಿಗೆ ಜಾಡಿಯೂ ಮರೆತುಹೋಗಿತ್ತು. ಇಷ್ಟು ದಿನ ತನ್ನನ್ನು ಎಳೆದಾಡುತ್ತಿದ್ದ ಕಾಲುಗಳು ಇಂದು ತನ್ನ ಮಾತು ಕೇಳುತ್ತಿವೆ ಎಂಬ ಹೆಮ್ಮೆಯಲ್ಲಿ ಅವಳ ಕಣ್ಣು ತುಂಬಿಬಂತು. ಮೂರು ಮಹಡಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.

ಅತ್ತೆ ಕೂತಲ್ಲೇ ಕೂತಿದ್ದರು. ಹಿಟ್ಟು ಬ್ಯಾಂಡಿಗಿಂತ ಒಂದು ಬೆರಳು ಕೆಳಗಿತ್ತು.

"ನಾನು ಮುಟ್ಟಿಲ್ಲ" ಎಂದರು ಅತ್ತೆ. ತೊಡೆಯ ಕೆಳಗಿನಿಂದ ಕೈ ತೆಗೆದು ತೋರಿಸಿದರು. ಅಷ್ಟು ಹೊತ್ತು ಒತ್ತಿಟ್ಟಿದ್ದಕ್ಕೆ ಸ್ಟೂಲಿನ ಬೆತ್ತದ ಗೆರೆಗಳು ಅವುಗಳ ಮೇಲೆ ಕೆಂಪಗೆ ಮೂಡಿದ್ದವು.

ಸೊಸೆ ಆ ಕೈಗಳನ್ನು ಹಿಡಿದುಕೊಂಡಳು. ಬೆವರಿನ ಕೈ ಎಂದು ಅತ್ತೆ ಗೊಣಗಿದರು, ಬಿಡಿಸಿಕೊಳ್ಳಲಿಲ್ಲ.

ಆ ದಿನ ಎರಡು ಬ್ರೆಡ್ಡು ಬೆಂದವು. ಒಂದನ್ನು ಅತ್ತೆ ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಇಟ್ಟುಕೊಂಡು ಕೋಲು ಹಿಡಿದು ಹೊರಟರು. ಸ್ನಾನ ಮುಗಿಸಿ ಬಂದ ಸೊಸೆಗೆ ಅಡುಗೆಮನೆಯಲ್ಲೂ ಅವರು ಕಾಣಲಿಲ್ಲ, ಕೋಣೆಯಲ್ಲೂ ಕಾಣಲಿಲ್ಲ. ಮುಂಬಾಗಿಲು ತೆರೆದಿತ್ತು. ಅವಳ ಜೀವ ಬಾಯಿಗೆ ಬಂತು. ಕಳೆದ ಒಂದು ವರ್ಷದಿಂದ ಅತ್ತೆ ಇಬ್ಬರ ಕೈ ಹಿಡಿಯದೆ ಮೆಟ್ಟಿಲಿಳಿದವರಲ್ಲ. ಒದ್ದೆ ಕೂದಲಲ್ಲೇ ಓಡಿಬಂದು ಮೆಟ್ಟಿಲ ಕಟಕಟೆಯಿಂದ ಬಗ್ಗಿ ನೋಡಿದಳು. ಕೆಳಮಹಡಿಯಲ್ಲಿ ಟೀಚರಮ್ಮನ ಬಾಗಿಲ ಮುಂದೆ ಅತ್ತೆ ಗೋಡೆಗೊರಗಿ ನಿಂತು ಮೇಲುಸಿರು ಬಿಡುತ್ತಿದ್ದರು. ಬಾಗಿಲು ತೆರೆಯಿತು.

"ತಗೊಳ್ಳಿ ಟೀಚರ್, ಬಿಸಿ ಇದೆ. ಮೂವತ್ತು ದಿನ ಮುಗೀತು. ಒಂದು ದಿನ ಓಟ ತಪ್ಪಿಸ್ಲಿಲ್ಲ, ಒಂದು ದಿನ ಬ್ರೆಡ್ಡೂ ತಪ್ಪಿಸ್ಲಿಲ್ಲ."

"ಹೌದಾ? ಮುಕ್ಕಾಲು ಪೂರ್ತಿ ಮಾಡಿದ್ಲಾ?"

ಅತ್ತೆ ಕೋಲಿನ ಮೇಲೆ ಎರಡೂ ಕೈಯಿಟ್ಟು ನೆಟ್ಟಗೆ ನಿಂತರು. ಮೆಟ್ಟಿಲ ಸಾಲಿಗೆಲ್ಲ ಕೇಳುವಂತಿತ್ತು ಅವರ ದನಿ.

"ಯಾರ್ರೀ ಮುಕ್ಕಾಲು? ಆ ಹೆಸರಿನೋರು ನಮ್ಮನೇಲಿ ಯಾರೂ ಇಲ್ಲ."

ಮೇಲೆ ಸೊಸೆ ಕಟಕಟೆಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಕೈ ಹಿಡಿದು ಕರೆತರಲು ಕೆಳಗೆ ಹೋಗಬೇಕಿತ್ತು. ಅತ್ತೆಯ ಮಾತು ಮುಗಿಯಲಿ ಎಂದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಳು.